ಏಳನೇ ಜೊತೆ ಕೋಲು

ಮಾರ್ಚ್ 3, ಸೋಮವಾರ

ಹನ್ನೆರಡು ಶೀಲ್ಡ್ ಮುಗಿಯಿತು. ಶಾಲೆಯವರದ್ದು. ‘ಶಿಸ್ತಿಗಾಗಿ ಮೂರನೇ ಬಹುಮಾನ’ — ಶಿಸ್ತಿನಲ್ಲಿ ಮೂರನೆಯವನು ಎಂದರೆ ಏನರ್ಥವೋ. ಕೆತ್ತು ಎಂದರು, ಕೆತ್ತಿದೆ. ಹೆಬ್ಬೆರಳಿನ ಕೀಲು ಮತ್ತೆ ನೋಯುತ್ತಿದೆ. ಅಂಗಡಿ ಮೂಲೆಯ ಹೊಸ ಮೆಷಿನ್ ನಿಮಿಷಕ್ಕೊಂದು ಹೆಸರು ಕೆತ್ತಿ ಬಿಸಾಡುತ್ತದೆ, ಹಾಳಾದ್ದು. ಸಂಗೀತ ಪ್ರಶಸ್ತಿಯವರು ಮಾತ್ರ ಇವತ್ತಿಗೂ ಕೈಕೆತ್ತನೆಯೇ ಬೇಕು ಎನ್ನುತ್ತಾರೆ. ಅದೊಂದಕ್ಕೆ ನಾನಿದ್ದೇನೆ.

ಸಂಜೆ ಟಮಕಿ ಫೋನ್. ಅಕ್ಕನ ಮಗಳು. ಚಿಕ್ಕವಳಿದ್ದಾಗ ತಟ್ಟೆ, ಡಬ್ಬ, ನನ್ನ ಬೆನ್ನು — ಸಿಕ್ಕಿದ್ದನ್ನೆಲ್ಲ ಬಡಿಯುತ್ತಿದ್ದಳೆಂದು ನಾನೇ ಇಟ್ಟ ಹೆಸರು. ಈಗ ಇಪ್ಪತ್ತೊಂಬತ್ತು. ಈಗಲೂ ಬಡಿಯುವುದೇ ಕೆಲಸ. ಡ್ರಮ್ಮರ್ ಎನ್ನಬೇಕಂತೆ.

“ಮಾವ, ನಾಮಿನೇಷನ್ ಬಂತು. ಬೆಸ್ಟ್ ಆಲ್ಟರ್ನೇಟಿವ್ ರಾಕ್ ಬ್ಯಾಂಡ್.”

“ಮತ್ತೆ ಬಂತಾ?”

“ಹೂಂ, ಮತ್ತೆ. ಕಂಗ್ರಾಟ್ಸ್ ಅನ್ನೋಕೆ ಏನು ಧಾಡಿ ನಿಂಗೆ?”

ಅಂದೆ. ಫೋನ್ ಇಟ್ಟ ಮೇಲೆ ಇನ್ನೊಂದು ಸಲ ಅಂದೆ, ಯಾರಿಗೂ ಕೇಳಿಸದ ಹಾಗೆ.

ಮಾರ್ಚ್ 4

ಡೈರಿಯ ಕೊನೆಯ ಪುಟದಲ್ಲಿ ಟಮಕಿಯ ಬ್ಯಾಂಡಿನ ನಾಮಿನೇಷನ್‌ಗಳ ಪಟ್ಟಿ. ಪ್ರತಿ ವರ್ಷ ಹೊಸ ಡೈರಿಗೆ ನಕಲು ಮಾಡಿಕೊಳ್ಳುತ್ತೇನೆ. ಬ್ಯಾಂಡಿನ ಹೆಸರು ‘ಎರಡನೇ ಮಹಡಿ’. ಟೈರ್ ಅಂಗಡಿಯ ಮೇಲೆ, ಎರಡನೇ ಮಹಡಿಯ ಒಂದು ರೂಮಿನಲ್ಲಿ ಪ್ರಾಕ್ಟೀಸು, ಅದಕ್ಕೆ.

ಮೊದಲ ವರ್ಷ: ಹೊಸ ಬ್ಯಾಂಡ್ ವಿಭಾಗದಲ್ಲಿ ನಾಮಿನೇಷನ್. ಮುಖವಾಡ ಹಾಕಿಕೊಂಡು ಕುಣಿಯುವವರಿಗೆ ಹೋಯಿತು. ಎರಡನೇ ವರ್ಷ ಎರಡು, ಎರಡೂ ಹೋದವು. ಮೂರನೇ ವರ್ಷ ಹಾಡಿಗೆ ಒಂದು. ನಾಲ್ಕರಲ್ಲಿ ಏನೂ ಇಲ್ಲ. ಆ ವರ್ಷ ಟಮಕಿಯ ಕೈ ಮುರಿದಿತ್ತು. ಆಮೇಲೆ ಒಂದು, ಎರಡು, ಎರಡು. ಒಟ್ಟು ಒಂಬತ್ತು. ಪ್ರಶಸ್ತಿ ಸೊನ್ನೆ. ರೇಡಿಯೋ ಕೇಳುಗರ ಆಯ್ಕೆಯಲ್ಲಿ ಮೂರನೇ ಸ್ಥಾನಕ್ಕೆ ಒಂದು ಹೂವಿನ ಕುಂಡ ಕೊಟ್ಟಿದ್ದರು. ಗಿಡ ಒಣಗಿತು. ಕುಂಡ ಅಕ್ಕನ ಮನೆಯಲ್ಲಿದೆ, ಛತ್ರಿ ಇಡುತ್ತಾಳೆ.

ಆಲ್ಟರ್ನೇಟಿವ್ ಅಂದರೇನು ಎಂದು ಒಮ್ಮೆ ಕೇಳಿದ್ದೆ. “ಎಲ್ರೂ ಮಾಡೋ ಥರ ಮಾಡದೇ ಇರೋದು, ಮಾವ.” ಗೆಲ್ಲುವುದನ್ನೂ ಆ ಪಟ್ಟಿಗೆ ಸೇರಿಸಿಕೊಂಡುಬಿಟ್ಟರೋ ಏನೋ, ಪಾಪ.

ಆ ಒಂಬತ್ತೂ ಸಲ ಗೆದ್ದವರ ಹೆಸರು ಕೆತ್ತಿದವನು ನಾನು. ಈ ಕೈಯಲ್ಲೇ.

ಮಾರ್ಚ್ 8

ಅಕ್ಕನ ಮನೆಯಲ್ಲಿ ಊಟ. ಕೊಕ್ಕರೆಯೂ ಬಂದಿದ್ದ — ಬ್ಯಾಂಡಿನ ಹಾಡುಗಾರ, ಕತ್ತು ಉದ್ದ. ಊಟ ಮುಗಿದ ಮೇಲೆ ವಿಷಯ ತೆಗೆದ. ಪ್ರವಾಸಿ ಹಡಗಿನಲ್ಲಿ ಹಾಡುವ ಕೆಲಸ ಸಿಕ್ಕಿದೆಯಂತೆ, ಮೂರು ವರ್ಷಕ್ಕೆ. 24ಕ್ಕೆ ಸಹಿ.

“ಪ್ರಶಸ್ತಿ ಬಂದ್ರೆ ಹೋಗಲ್ಲ ಮಾವ. ಗೆದ್ದೋರಿಗೆ ಆಲ್ಬಮ್ ರೆಕಾರ್ಡ್ ಮಾಡಿಸಿಕೊಡ್ತಾರೆ. ಬರ್ಲಿಲ್ಲ ಅಂದ್ರೆ... ನಂಗೂ ಮೂವತ್ತೆರಡಾಯ್ತು.”

ಟಮಕಿ ತಟ್ಟೆ ಎತ್ತಿಕೊಂಡು ಒಳಗೆ ಹೋದಳು. ಅವನಿಲ್ಲದೆ ಬ್ಯಾಂಡ್ ಇಲ್ಲ. ಬ್ಯಾಂಡ್ ಇಲ್ಲದೆ ಅವಳು... ಬರೆಯುವುದಿಲ್ಲ. ಅಡುಗೆಮನೆಯಿಂದ ಒಂದು ಶಬ್ದವೂ ಇಲ್ಲ. ಅವಳು ಪಾತ್ರೆ ಬಡಿಯದೆ ತೊಳೆದದ್ದು ಇದೇ ಮೊದಲು.

ಮಾರ್ಚ್ 11, ಮಂಗಳವಾರ, ಬೆಳಿಗ್ಗೆ 11

ಮೊಹರು ಮಾಡಿದ ಕವರ್ ಬಂತು. ಸಂಗೀತ ಪ್ರಶಸ್ತಿ ಗೆದ್ದವರ ಪಟ್ಟಿ. ಸಮಿತಿಯ ಇಬ್ಬರು, ನಮ್ಮ ಯಜಮಾನರು, ನಾನು — ನಾಲ್ವರನ್ನು ಬಿಟ್ಟು ಯಾರಿಗೂ ಗೊತ್ತಿರುವುದಿಲ್ಲ. ಎಂದಿನಂತೆ ಸಹಿ ಹಾಕಿಸಿಕೊಂಡರು. ಹೆಸರು ಮೊದಲೇ ಹೊರಗೆ ಬಿದ್ದರೆ ಆ ಪ್ರಶಸ್ತಿಯೇ ರದ್ದು. ಮೂವತ್ತೊಂದು ವರ್ಷದಿಂದ ಬಾಯಿಗೆ ಬೀಗ.

ಬೆರಳಿನಿಂದ ಒಂದೊಂದೇ ಸಾಲು ಇಳಿದೆ. ಜಾನಪದ. ಗಜಲ್. ಆಲ್ಟರ್ನೇಟಿವ್ ರಾಕ್...

ಕಾಗದ ಮಡಚಿಟ್ಟು ಬಾತ್‌ರೂಮಿಗೆ ಹೋಗಿ ಮುಖ ತೊಳೆದುಕೊಂಡು ಬಂದೆ. ಮತ್ತೆ ಬಿಚ್ಚಿ ನೋಡಿದೆ. ಅಲ್ಲೇ ಇತ್ತು. ಎರಡನೇ ಮಹಡಿ.

ಯಜಮಾನರು ಕನ್ನಡಕದ ಮೇಲಿಂದ ನೋಡಿದರು. “ಟೀ ಕುಡ್ಕೊಂಡು ಬನ್ನಿ. ಬಾಯಿ ಭದ್ರ.”

ಸಂಜೆ 6

ಮೊದಲ ತಗಡು ಕೆಡಿಸಿದೆ. ಉಳಿ ಜಾರಿತು. ಇಪ್ಪತ್ತು ವರ್ಷದಲ್ಲಿ ಹೀಗಾಗಿರಲಿಲ್ಲ. ಕೆಟ್ಟ ತಗಡನ್ನು ಇಟ್ಟುಕೊಳ್ಳುವ ಹಾಗಿಲ್ಲ. ಅರದಿಂದ ಉಜ್ಜಿ ಅಳಿಸಿದೆ. ಇಷ್ಟು ವರ್ಷ ಕಾದ ಹೆಸರು, ನನ್ನ ಕೈಯಾರೆ. ಎರಡನೆಯದು ಚೆನ್ನಾಗಿ ಬಂತು. ಉಸಿರು ಬಿಟ್ಟು ಬಟ್ಟೆಯಲ್ಲಿ ಒರೆಸಿದರೆ ಹಿತ್ತಾಳೆ ಫಳಫಳ. ನೋಡಿದಷ್ಟೂ ಸಾಲದು. ಸುಮ್ಮನೆ ಹೇಳುತ್ತಿಲ್ಲ, ನಾನು ಕೆತ್ತಿದ್ದರಲ್ಲೇ ಇದು ಚಂದ.

ಮಾರ್ಚ್ 13

ಒಂದು ವಿಷಯ ಇಲ್ಲಿ ಮಾತ್ರ ಬರೆಯಬಹುದು. ಇವರ ನಾಮಿನೇಷನ್ ಇದ್ದೂ ಬೇರೆಯವರ ಹೆಸರು ಕೆತ್ತಿದ ವರ್ಷವೆಲ್ಲ ಆ ವಾರ ಟಮಕಿಗೆ ಒಂದು ಜೊತೆ ಡ್ರಮ್ ಬಾರಿಸುವ ಕೋಲು ತಂದುಕೊಡುತ್ತೇನೆ. ತಪ್ಪು ಮಾಡಿದವನ ಹಾಗೆ ಅನ್ನಿಸುತ್ತದೆ, ಅದಕ್ಕೆ. ಆರು ಜೊತೆ ಆಗಿದೆ. ಈ ಸಲ ತರದೇ ಇದ್ದರೆ ಏನೋ ಇದೆ ಎಂದು ಹುಡುಗಿಗೆ ವಾಸನೆ ಹತ್ತುತ್ತದೆ. ಗಟ್ಟಿ ಮರದ್ದು ತಂದೆ. ಖುಷಿಯಲ್ಲಿ ಆರಿಸಿದೆ, ಅಂಗಡಿಯವನ ಕೌಂಟರ್ ಮೇಲೆ ಸ್ವಲ್ಪ ಬಾರಿಸಿಯೂ ನೋಡಿದೆ.

ಕೊಟ್ಟೆ. ತೆಗೆದುಕೊಂಡಳು. ಕೋಲುಗಳನ್ನು ಸ್ವಲ್ಪ ಹೊತ್ತು ನೋಡಿ, ನನ್ನನ್ನು ಅಪ್ಪಿಕೊಂಡಳು. “ಥ್ಯಾಂಕ್ಸ್ ಮಾವ” ಎಂದಳು, ಅಷ್ಟೇ.

ನನ್ನ ನಟನೆ ಏನು ಕಡಿಮೆಯೇ! ನಿಶ್ಚಿಂತೆಯಿಂದ ಮಲಗುತ್ತೇನೆ.

ಮಾರ್ಚ್ 17, ಸೋಮವಾರ

ನಿಶ್ಚಿಂತೆಯಂತೆ. ನನ್ನ ತಲೆ.

ಅಕ್ಕ ಮಧ್ಯಾಹ್ನ ಅಂಗಡಿಗೇ ಬಂದಳು. ಮೆಟ್ಟಿಲ ಬಳಿ ನಿಲ್ಲಿಸಿಕೊಂಡು ಹೇಳಿದಳು — ಶನಿವಾರ ಸಮಾರಂಭಕ್ಕೆ ಯಾರೂ ಹೋಗುವುದಿಲ್ಲವಂತೆ. ಅದೇ ಸಂಜೆ ಯಾವುದೋ ಹೋಟೆಲಿನಲ್ಲಿ ಬಾರಿಸಲು ಒಪ್ಪಿಕೊಂಡಿದ್ದಾರೆ. ಕೊಕ್ಕರೆ ಪೆಟ್ಟಿಗೆ ಕಟ್ಟುತ್ತಿದ್ದಾನೆ.

“ಯಾಕೆ?”

“ಯಾಕೆ ಅಂತ ನನ್ನ ಕೇಳ್ತೀಯಾ? ನೀನೇ ಕೋಲು ಕೊಟ್ಟೆಯಲ್ಲ. ‘ಮಾವ ಕೋಲು ತಂದ್ರೆ ಸೋತ ಹಾಗೇನೇ ಅಮ್ಮಾ, ನಾಮಿನೇಷನ್ ಇಲ್ಲದ ವರ್ಷ ತರಲೇ ಇಲ್ಲ ನೋಡು’ ಅಂದ್ಲು. ಮೂರು ವರ್ಷದಿಂದ ಅವಳಿಗೆ ಗೊತ್ತಂತೆ ಕಣೋ. ನಿಂಗೆ ಬೇಜಾರಾಗುತ್ತೆ ಅಂತ ಹೇಳಿಲ್ಲ ಅಷ್ಟೇ.”

ಮೂರು ವರ್ಷ! ಸೋತದ್ದು ಗೊತ್ತಿದ್ದೂ ಒಳ್ಳೆಯ ಬಟ್ಟೆ ಹಾಕಿಕೊಂಡು ಹೋಗಿ ಕೂತಿದ್ದಾಳೆ. ಬಂದು ‘ಛೇ, ಈ ಸಲಾನೂ ಇಲ್ಲ ಮಾವ’ ಎಂದು ನನಗೆ ಸುದ್ದಿ ಹೇಳಿದ್ದಾಳೆ. ನಾನೂ ‘ಛೇ’ ಎಂದಿದ್ದೇನೆ. ಇಬ್ಬರೂ ಸೇರಿ ಎಂಥ ನಾಟಕ ಆಡಿದ್ದೇವೆ.

ಯಜಮಾನರು ಹೇಳಿದ್ದನ್ನೂ ಬರೆದಿಡಬೇಕು. ಸಮಿತಿಯ ನಿಯಮ — ವೇದಿಕೆಗೆ ಬಂದು ತೆಗೆದುಕೊಳ್ಳದಿದ್ದರೆ ಎರಡನೆಯವರಿಗೆ.

ಮಾರ್ಚ್ 18

ಹೇಳಿದರೆ ರದ್ದು. ಹೇಳದಿದ್ದರೆ ಬೇರೆಯವರ ಪಾಲು. ಊಟ ಸೇರಲಿಲ್ಲ. ಕೆಲಸದಲ್ಲಿ ಎರಡು ಸಲ ಬೆರಳು ಕೊಯ್ದುಕೊಂಡೆ. ಒಂದು ಕಣ್ಣು ಹೊಡೆದರೆ ಸಾಕು, ಅವಳಿಗೆ ಅರ್ಥವಾಗುತ್ತದೆ. ಹೊಡೆಯಲಾರೆ. ಸಹಿ ಹಾಕಿದ್ದೇನೆ. ಅದಕ್ಕಿಂತ ಹೆಚ್ಚಾಗಿ — ಗೆದ್ದದ್ದನ್ನು ಕದ್ದು ತಿಳಿದುಕೊಂಡರು ಎಂಬ ಕಳಂಕ ಆ ಹುಡುಗಿಗೆ ಬೇಡ.

ಮಾರ್ಚ್ 19

ಎರಡು ಮಹಡಿ ಹತ್ತಿದೆ. ಟೈರಿನ ವಾಸನೆ, ಸದ್ದು ತಡೆಯಲು ಗೋಡೆಗೆಲ್ಲ ಹಳೆ ಹಾಸಿಗೆ ಹೊಡೆದಿದ್ದಾರೆ, ನೆಲದ ತುಂಬ ವೈರು. ಟಮಕಿ ನನ್ನ ಹೊಸ ಕೋಲಿನಲ್ಲಿ ಮೆಲ್ಲಗೆ ಬಾರಿಸುತ್ತಿದ್ದಳು. ನನ್ನನ್ನು ನೋಡಿ ನಿಲ್ಲಿಸಿದಳು.

ಬಸ್ಸಿನಲ್ಲಿ ಏನೇನೋ ಯೋಚಿಸಿಕೊಂಡು ಹೋಗಿದ್ದೆ. ಬಾಯಿಗೆ ಬಂದದ್ದು ಬೇರೆ.

“ಮೂವತ್ತೊಂದು ವರ್ಷ ಕೆತ್ತಿದೀನಿ. ಒಂದು ಸಲಾನೂ ಕೊಡೋದು ನೋಡಿಲ್ಲ ಟಮಕಿ. ನಿಮ್ಮ ಬ್ಯಾಂಡೂ ಮುಗೀತಿದೆ ಅಂತೀರಿ... ಒಂದು ಸಲ ಕರ್ಕೊಂಡು ಹೋಗ್ತೀಯಾ ನನ್ನ?”

ಇದರಲ್ಲಿ ಸುಳ್ಳೊಂದೂ ಇಲ್ಲ. ಯಜಮಾನರು ಪ್ರತಿ ವರ್ಷ ಪಾಸ್ ಕೊಡುತ್ತಾರೆ. ಮೊದಲೆಲ್ಲ ಆಸಕ್ತಿ ಇರಲಿಲ್ಲ, ಈಚೆಗೆ ಅವಳು ಸೋಲುವುದನ್ನು ಕಣ್ಣಾರೆ ನೋಡಲಾರದೆ ಹೋಗಿಲ್ಲ.

ಕೊಕ್ಕರೆ ನಕ್ಕ. “ಮಾವ, ಅಲ್ಲಿ ಹೋಗಿ ಏನ್ ನೋಡ್ತೀರಾ? ನಾವು ಚಪ್ಪಾಳೆ ತಟ್ಟೋದನ್ನಾ?”

“ಅದನ್ನೇ ನೋಡ್ತೀನಿ ಬಿಡಪ್ಪ.”

ಟಮಕಿ ನನ್ನ ಮುಖವನ್ನೇ ನೋಡುತ್ತಿದ್ದಳು. ಏನು ಓದಿಕೊಂಡಳೋ, ಎದ್ದು ಬಂದು ನನ್ನ ಶರ್ಟಿನ ಕಾಲರ್ ಸರಿಮಾಡಿದಳು.

“ಹೋಟೆಲಿನವರಿಗೆ ಭಾನುವಾರ ಬರ್ತೀವಿ ಅಂತ ಹೇಳು ಕೊಕ್ಕರೆ. ಮಾವ ಇಷ್ಟು ವರ್ಷದಲ್ಲಿ ನನ್ನ ಹತ್ರ ಏನೂ ಕೇಳಿಲ್ಲ. ಎಲ್ರೂ ಬರ್ತೀರಿ, ಶೂ ಪಾಲಿಶ್ ಮಾಡ್ಕೊಂಡು.”

ಕೆಳಗಿಳಿಯುವಾಗ ಮೆಟ್ಟಿಲು ಕಾಣಲಿಲ್ಲ. ಕಣ್ಣು ತುಂಬಿತ್ತು. ಟೈರ್ ಅಂಗಡಿಯವನು ನೀರು ಕೊಟ್ಟ.

ಮಾರ್ಚ್ 22, ಶನಿವಾರ, ಸಂಜೆ 5.40

ಹಾಲ್‌ನಲ್ಲಿ ಕೂತು ಬರೆಯುತ್ತಿದ್ದೇನೆ. ಕೈ ಸುಮ್ಮನಿರುವುದಿಲ್ಲ, ಅದಕ್ಕೆ. ಹದಿನಾಲ್ಕನೇ ಸಾಲು. ಎಡಕ್ಕೆ ಟಮಕಿ, ಬಲಕ್ಕೆ ಅಕ್ಕ. ಕೊಕ್ಕರೆ ಮುಂದಿನ ಸಾಲಿನಲ್ಲಿ. ಅವನ ಕತ್ತಿನಿಂದ ಅರ್ಧ ವೇದಿಕೆ ಮರೆ. ಮೇಜಿನ ಮೇಲೆ ಸಾಲಾಗಿ ನನ್ನ ಟ್ರೋಫಿಗಳು. ಎಡದಿಂದ ಆರನೆಯದು. ನೋಡಬಾರದೆಂದು ಅದನ್ನೇ ನೋಡುತ್ತಿದ್ದೇನೆ.

“ಏನ್ ಬರೀತಿದೀಯ?” ಅಕ್ಕ ಕೇಳಿದಳು.

“ಸೀಟ್ ನಂಬರು.”

6.05

ಜಾನಪದ ಆಯಿತು. ಗಜಲ್ ಆಯಿತು. ಹಾಡಿದ ಮುದುಕಿ ಟ್ರೋಫಿಗೆ ಮುತ್ತು ಕೊಟ್ಟಳು, ಸರಿಯಾಗಿ ನನ್ನ ಅಕ್ಷರದ ಮೇಲೆ. ಮುಂದಿನದು ಇವರದ್ದು. ಪರದೆಯ ಮೇಲೆ ಐದು ಬ್ಯಾಂಡಿನ ಫೋಟೊ. ಅಕ್ಕ ಕಣ್ಣು ಮುಚ್ಚಿದ್ದಾಳೆ. ಟಮಕಿ ನನ್ನ ಕೈ ಹಿಡಿದುಕೊಂಡು ಕಿವಿಯಲ್ಲಿ ಹೇಳಿದಳು — “ಮಾವ, ಬೇಜಾರು ಮಾಡ್ಕೋಬೇಡ. ನಂಗೆ ಗೊತ್ತು. ಕೋಲು ತುಂಬಾ ಚೆನ್ನಾಗಿದೆ.”

ಒಂದು ಕೈ ಅವಳ ಹತ್ತಿರ. ಇನ್ನೊಂದರಲ್ಲಿ ಬರೆಯುತ್ತಿದ್ದೇನೆ. ಅಕ್ಷರ ಸೊಟ್ಟ. ಕವರ್ ಹರಿಯುತ್ತಿದ್ದಾರೆ. ಕನ್ನಡಕ ಹುಡುಕುತ್ತಿದ್ದಾರೆ, ಬೇಗ ಓದಯ್ಯಾ...

ಹೇಳಿದರು. ಎರಡನೇ ಮಹಡಿ. ಕೊಕ್ಕರೆ ಹಿಂದೆ ತಿರುಗಿ ಬಾಯಿ ತೆರೆದುಕೊಂಡಿದ್ದಾನೆ. ಅಕ್ಕ ಕಿರುಚಿದಳು. ಇವಳು ನನ್ನ ಕೈ ಬಿಟ್ಟು, ಪ್ರತಿ ವರ್ಷದ ಹಾಗೆ, ಗೆದ್ದವರು ಯಾರೆಂದು ಸಾಲುಗಳಲ್ಲಿ ಹುಡುಕುತ್ತ ಜೋರಾಗಿ ಚಪ್ಪಾಳೆ ತಟ್ಟುತ್ತಿದ್ದಾಳೆ. ಇನ್ನೂ ತಟ್ಟುತ್ತಿದ್ದಾಳೆ. ನಿಂದೇ ಕಣೇ ಹುಚ್ಚೀ, ಏಳು, ಏ