ಬೀದಿಯಲ್ಲಿ ಉಳಿದಿದ್ದ ಒಣ ಕಟ್ಟಿಗೆ

ತಾರೀಖು ೩, ಮಧ್ಯಾಹ್ನ

ತಮ್ಮ ಗುಮ್ಮನಿಗೆ ಅಕ್ಕ ಬರೆಯುವುದು.

ಈ ವಯಸ್ಸಿನಲ್ಲಿ ಪತ್ರ ಬರೆಯುವ ಕರ್ಮ ನನಗೆ ಯಾಕೆ ಬಂತು, ನೀನೇ ಹೇಳು. ಫೋನು ಅಂತ ಒಂದಿದೆ. ಮಾಡಿದರೆ ನಿನ್ನ ಮಗಳು ಎತ್ತುತ್ತಾಳೆ, ಅಪ್ಪ ಮಲಗಿದ್ದಾರೆ ಅತ್ತೆ ಅನ್ನುತ್ತಾಳೆ. ಬೆಳಿಗ್ಗೆ ಮಾಡಿದರೂ ಮಲಗಿರುತ್ತೀಯ, ಸಂಜೆ ಮಾಡಿದರೂ ಮಲಗಿರುತ್ತೀಯ. ನನ್ನನ್ನು ಮೂರನೇ ಕ್ಲಾಸಿಗೆ ಶಾಲೆ ಬಿಡಿಸಿದ್ದು ನಿನ್ನ ತೊಟ್ಟಿಲು ತೂಗುವುದಕ್ಕೆ. ಆಗ ಮಲಗೋ ಮಲಗೋ ಅಂತ ಗಂಟಲು ಹರಿದುಕೊಂಡರೂ ಮಲಗುತ್ತಿರಲಿಲ್ಲ. ಈಗ ಬಂತು ನೋಡು ನಿದ್ದೆ.

ಬೇಕರಿಯವನು ಪೆನ್ನು ಕೊಟ್ಟ. ವೈರಿಂಗ್‌ನವನು ಕಾಗದ ತಂದ. ಬಡಗಿ ಎದುರಿಗೆ ಕೂತು ಬರೀರಿ ಬರೀರಿ ಅಂತ ಪ್ರಾಣ ತಿನ್ನುತ್ತಿದ್ದಾನೆ. ಮೂವರು ಗಂಡಸರು, ಮೂವರೂ ನನಗಿಂತ ಹೆಚ್ಚು ಓದಿದವರು. ನೀವೇ ಗೀಚಿ ಅಂದರೆ, ಇಲ್ಲಕ್ಕ, ನೀವು ಹಿರಿಯರು, ನಿಮ್ಮ ಮಾತು ಅಂದ್ರೆ ಕೇಳ್ತಾನೆ ಅನ್ನುತ್ತಾರೆ. ನನ್ನ ಮಾತನ್ನು ನೀನು ಯಾವ ಕಾಲಕ್ಕೆ ಕೇಳಿದ್ದೀಯೋ ನನಗಂತೂ ನೆನಪಿಲ್ಲ. ಅಕ್ಷರ ಕೋಳಿ ಕೆದರಿದ ಹಾಗಿದೆ. ಹಾಗೇ ಓದಿಕೋ.

ವಿಷಯ ಇಷ್ಟೇ. ನಿನ್ನ ಚಪ್ಪಲಿ ಅಂಗಡಿಯನ್ನು ಇಟ್ಟುಕೊಳ್ಳುತ್ತೀಯೋ ಬಿಡುತ್ತೀಯೋ ಅಂತ ಮಾಲೀಕ ಕೇಳುತ್ತಿದ್ದಾನೆ. ನೀನು ಬಾಯಿ ಬಿಡದೆ ಇದ್ದರೆ ಏಳನೇ ತಾರೀಖು ಬಂದು ತನ್ನ ಬೀಗ ಹಾಕುತ್ತಾನಂತೆ. ನೀನು ವಾಪಸ್ಸು ಬರುತ್ತೀಯಾ, ಇಲ್ಲವಾ? ಇಷ್ಟನ್ನೇ ಬರೆದು ಕಳಿಸಬಹುದಿತ್ತು. ಆದರೆ ಎರಡು ಸಾಲಿಗೆ ಉತ್ತರ ಕೊಡುವ ಪೈಕಿ ನೀನಲ್ಲ. ಅದಕ್ಕೆ, ನೀನಿಲ್ಲದಾಗ ಏನಾಯಿತು ಅನ್ನುವುದನ್ನು ಮೊದಲಿಂದ ಬರೆಯುತ್ತೇನೆ. ಅವತ್ತು ಬಂದಾಗ ನೀನು ಕೇಳಲೂ ಇಲ್ಲ, ನಾನು ಹೇಳಲೂ ಇಲ್ಲ.

ಹೊಳೆ ಬೀದಿಗೆ ನುಗ್ಗಿದಾಗ ನೀನು ಮಗಳ ಮನೆಯಲ್ಲಿದ್ದೆ. ಒಳ್ಳೆಯದೇ ಆಯಿತು. ಇದ್ದಿದ್ದರೆ ಚರ್ಮದ ಸುರುಳಿ ತಬ್ಬಿಕೊಂಡು ಅಲ್ಲೇ ಮುಳುಗುತ್ತಿದ್ದೆ. ನೀರು ಇಳಿದ ಮೇಲೆ ನಿನ್ನ ಬಾಗಿಲು ತೆಗೆಯಲು ನಾಲ್ಕು ಜನ ಬೇಕಾಯಿತು. ಕೆಳಗಿದ್ದ ಚರ್ಮ, ಅಂಟಿನ ಡಬ್ಬ, ಹೊಲಿಗೆ ಮಿಷನ್ನು ಎಲ್ಲವೂ ಕೆಸರಲ್ಲಿ ಕಲಸಿ ಹೋಗಿತ್ತು. ಆದರೆ ನೀರು ಅಟ್ಟದ ಹಲಗೆಗೆ ಒಂದು ಗೇಣು ಕೆಳಗೆ ನಿಂತಿತ್ತು. ಹಲಗೆಯ ಮೇಲೆ ನೀನು ಸಾಲಾಗಿ ಇಟ್ಟಿದ್ದ ಮರದ ಕಾಲುಗಳು, ನಮ್ಮ ಬೀದಿಯವರ ಒಬ್ಬೊಬ್ಬರ ಪಾದಕ್ಕೂ ನೀನು ಕೆತ್ತಿಟ್ಟಿದ್ದ ಅಚ್ಚುಗಳು, ಧೂಳು ಸಮೇತ ಹಾಗೇ ಇದ್ದವು. ಹೊಳೆ ಅವನ್ನು ಮುಟ್ಟಿರಲಿಲ್ಲ. ಇದನ್ನು ನಿನಗೆ ಯಾರೂ ಹೇಳಿರಲಿಕ್ಕಿಲ್ಲ. ಹೇಳಿದರೆ ಇನ್ನೂ ಹೆಚ್ಚು ಉರಿಯುತ್ತದೆ ಅಂತ ಗೊತ್ತು. ಆದರೂ ಹೇಳುತ್ತಿದ್ದೇನೆ.

ಮೊದಲನೇ ದಿನ ಎಲ್ಲರೂ ಅವರವರ ಮನೆಯ ಕೆಸರನ್ನು ಬಳಿದು ಹೊರಗೆ ನೂಕಿದರು. ಸಂಜೆಗೆ ನೋಡಿದರೆ ಇವರ ಕೆಸರು ಅವರ ಹೊಸ್ತಿಲಲ್ಲಿ, ಅವರದು ಇವರ ಹೊಸ್ತಿಲಲ್ಲಿ. ಸಲಿಕೆ ಎತ್ತಿಕೊಂಡು ಹೊಡೆದಾಡುವುದೊಂದು ಬಾಕಿ. ಆಗ ವೈರಿಂಗ್‌ನವನು ನಡುವೆ ನಿಂತು, ದಿನಕ್ಕೆ ಒಂದೇ ಬಾಗಿಲು, ಎಲ್ಲರ ಕೈಯೂ ಅಲ್ಲಿಗೇ ಅಂತ ಕಟ್ಟಳೆ ಮಾಡಿದ. ಒಬ್ಬರ ಮುಖ ಕಂಡರೆ ಒಬ್ಬರಿಗೆ ಆಗದ ಜನ, ಬುಟ್ಟಿಗೆ ಬುಟ್ಟಿ ಕೊಟ್ಟುಕೊಂಡು ನಿಂತರು. ಎಲ್ಲರೂ ಬರಿಗಾಲಲ್ಲೇ. ಹೊರಗಿನಿಂದ ಯಾರೋ ಪುಣ್ಯಾತ್ಮರು ಒಂದು ಮೂಟೆ ಚಪ್ಪಲಿ ಕಳಿಸಿದ್ದರು. ಬಿಚ್ಚಿದರೆ ಎಲ್ಲಾ ಮಣಿ ಹಚ್ಚಿದ್ದು, ಹಿಮ್ಮಡಿ ಎತ್ತರದ್ದು. ಅದನ್ನು ಮೆಟ್ಟಿಕೊಂಡು ಕೆಸರಿಗೆ ಇಳಿದ ಬೇಕರಿಯವನನ್ನು ನೀನು ನೋಡಬೇಕಿತ್ತು. ಹೊಟ್ಟೆ ಬಂದ ಕೊಕ್ಕರೆ.

ನಿನ್ನ ಅಂಗಡಿಯನ್ನು ಮೊದಲು ಮಾಡೋಣ ಅಂದದ್ದು ಬಡಗಿ. ಅವನಿಲ್ಲ, ಬರುವಷ್ಟರಲ್ಲಿ ಕನ್ನಡಿ ಹಾಗಿರಬೇಕು ಅಂದ. ಎಲ್ಲರೂ ಹೂಂ ಅಂದರು. ತಮ್ಮ ಮನೆ ಬಿಟ್ಟು ನಿನ್ನದಕ್ಕೆ ಬಂದರು ಅನ್ನುವುದು ನಿನಗೆ ಗೊತ್ತಿರಲಿ.

ಅವತ್ತೇ ಮಕ್ಕಳಿಗೆ ವಾಂತಿ ಭೇದಿ ಹಿಡಿಯಿತು. ದಾದಿ ಬಂದು, ನೀರು ಕುದಿಸಿ ಚಮಚದಲ್ಲಿ ಕೊಡ್ತಾನೇ ಇರಿ, ಕುದಿಸದ ನೀರು ಒಂದು ತೊಟ್ಟೂ ಬೇಡ ಅಂದಳು. ಕುದಿಸುವುದು ಏನು ಉರಿಸಿ? ಗ್ಯಾಸಿನ ಸಿಲಿಂಡರುಗಳು ತೇಲಿ ಹೋಗಿದ್ದವು. ಬಾಗಿಲು, ಮಂಚ, ಕುರ್ಚಿ ಎಲ್ಲವೂ ನೆನೆದು ತೊಪ್ಪೆ. ಹಚ್ಚಿದರೆ ಬರೀ ಹೊಗೆ. ನನ್ನ ಇಸ್ತ್ರಿ ಅಂಗಡಿಯ ಇದ್ದಿಲ ಚೀಲ ಕರೀ ಗಂಜಿ ಆಗಿತ್ತು. ಇಡೀ ಬೀದಿಯಲ್ಲಿ ಒಣಗಿದ್ದ ಮರ ಅಂದರೆ ನಿನ್ನ ಅಟ್ಟದ ಮೇಲಿನದು ಒಂದೇ. ಯಾರು ಮೊದಲು ಕೈ ಹಾಕಿದರು ಅಂತ ಕೇಳಬೇಡ. ಕೈಯಿಂದ ಕೈಗೆ ಇಳಿಯಿತು. ಒಲೆ ಹಚ್ಚಿದವಳು ನಾನು.

ಮೊದಲು ಯಾರಿಗೂ ಹೊಳೆಯಲಿಲ್ಲ. ಕಟ್ಟಿಗೆ ಅಂದರೆ ಕಟ್ಟಿಗೆ. ವೈರಿಂಗ್‌ನವನು ಒಂದನ್ನು ನೂಕುವಾಗ ತಿರುಗಿಸಿ ನೋಡಿದ. ಹೆಬ್ಬೆರಳಿನ ಪಕ್ಕ ನೀನು ಚರ್ಮದ ತುಂಡು ಬಡಿದಿದ್ದೆಯಲ್ಲ, ಅವನ ಕಾಲಿನ ಗಂಟಿಗೆ ಸರಿಯಾಗಿ. ಅಯ್ಯೋ, ಇದು ನಾನೇ ಕಣ್ರೋ ಅಂದ. ಎಲ್ಲರೂ ನಕ್ಕರು. ನಗುತ್ತಾ ನಗುತ್ತಾ ಅವರವರ ಕಾಲನ್ನು ಹುಡುಕಿಕೊಂಡರು. ಬೇಕರಿಯವನ ರೊಟ್ಟಿ ಹಲಗೆಯಂಥ ಪಾದ, ಬಡಗಿಯ ಕತ್ತರಿಸಿಹೋದ ಕಿರುಬೆರಳು. ಆಮೇಲೆ ನಗು ಹಾಗೇ ನಿಂತುಹೋಯಿತು. ನೀರು ಇನ್ನೂ ಕುದಿಗೆ ಬಂದಿರಲಿಲ್ಲ. ಬೇಕರಿಯವನು ತನ್ನದನ್ನು ತಾನೇ ಒಲೆಗೆ ಇಟ್ಟ. ಅವನ ಮೊಮ್ಮಗಳು ಹಿಂದೆ ಚಾಪೆಯ ಮೇಲೆ ಮಲಗಿದ್ದಳು. ಬೇಡ ಅಂತ ಯಾರು ಹೇಳಬೇಕಿತ್ತು? ನೀನಿದ್ದಿದ್ದರೆ ಹೇಳುತ್ತಿದ್ದೆಯಾ?

ಕೊನೆಗೆ ಅಪ್ಪನದು ಉಳಿಯಿತು. ಒಂದು ಕಡೆ ಹಿಮ್ಮಡಿ ತಗ್ಗಾಗಿದ್ದ, ನೀನು ಕೆತ್ತಿದ ಮೊದಲನೇ ಜೋಡಿ. ಅದು ಅಪ್ಪನದು ಅಂತ ನನಗೆ ಗೊತ್ತಿತ್ತು. ಗೊತ್ತಿದ್ದೇ ಹಾಕಿದೆ. ಇನ್ನೊಂದು ಹಂಡೆ ನೀರು ಬೇಕಿತ್ತು.

ಎರಡು ಕೂಸು ಉಳಿದವು. ಬೇಕರಿಯವನ ಮೊಮ್ಮಗಳು ಉಳಿಯಲಿಲ್ಲ. ಸುಟ್ಟದ್ದು ಸಾರ್ಥಕವಾಯಿತು ಅಂತಲೂ ಬರೆಯಲಾರೆ, ದಂಡವಾಯಿತು ಅಂತಲೂ ಬರೆಯಲಾರೆ.

ಆಮೇಲೆ ನೀನು ಬಂದೆ, ಸುಟ್ಟ ಸುದ್ದಿ ದಾರಿಯಲ್ಲೇ ಕೇಳಿಕೊಂಡು. ತೊಳೆದ ನೆಲ ನೋಡಲಿಲ್ಲ, ಗೋಡೆ ನೋಡಲಿಲ್ಲ, ನೆಟ್ಟಗೆ ಅಟ್ಟ ನೋಡಿದೆ. ಅಪ್ಪನದೂನಾ ಅಂತ ಒಂದೇ ಮಾತು. ಹೂಂ ಅಂದೆ. ಬಿಸಿಲಲ್ಲಿ ಬಂದಿದ್ದೀಯ ಅಂತ ಲೋಟದಲ್ಲಿ ನೀರು ಕೊಟ್ಟೆ, ಕುದಿಸಿ ಆರಿಸಿದ್ದು. ಕುಡಿಯದೆ ಹೊಸ್ತಿಲ ಮೇಲೆ ಇಟ್ಟು ಬಸ್ಸಿಗೆ ನಡೆದೆ. ಬೀದಿಯ ಜನ ಸಾಲಾಗಿ ನಿಂತು ನೋಡಿದರು. ಆ ನೀರನ್ನು ನಾನೇ ಕುಡಿದೆ. ಚೆಲ್ಲುವ ಕಾಲ ಅಲ್ಲ ಅದು.

ಅವತ್ತಿನಿಂದ ಇವರಿಗೆಲ್ಲ ತಲೆ ಕೆಟ್ಟಿದೆ. ಬಡಗಿ ತನ್ನ ಮನೆಯ ಬಾಗಿಲು ಕೊಯ್ದು ಒಂದು ಅಚ್ಚು ಕೆತ್ತಿದ. ಮೂಲಂಗಿ ಹಾಗಿದೆ. ನಾನು ಹಾಗಂದದ್ದಕ್ಕೆ ಎರಡು ದಿನ ಮಾತು ಬಿಟ್ಟ. ಆಮೇಲೆ ಅವನೇ ಇನ್ನೊಂದು ದಾರಿ ಹುಡುಕಿದ. ಬೇಕರಿಯ ಹಿಟ್ಟಿನ ಚೀಲದ ಕಾಗದ ಹರಿದು ನೆಲಕ್ಕೆ ಹಾಸಿ, ಒಬ್ಬೊಬ್ಬರನ್ನೂ ಅದರ ಮೇಲೆ ನಿಲ್ಲಿಸಿ, ಕಿವಿಯ ಪೆನ್ಸಿಲ್ಲು ತೆಗೆದು ಪಾದದ ಸುತ್ತ ಗೆರೆ ಎಳೆದ. ಬೇಕರಿಯವನ ಸೊಸೆ ಕೂಸು ಹೋದ ಮೇಲೆ ಬಾಯಿ ಬಿಟ್ಟಿರಲಿಲ್ಲ. ಅಂಗಾಲಿಗೆ ಪೆನ್ಸಿಲ್ಲು ತಾಗಿ ಕಚಗುಳಿಯಾಗಿ ನಕ್ಕಳು. ನಕ್ಕದ್ದಕ್ಕೆ ನಾಚಿ ಅತ್ತಳು. ಆ ಹಾಳೆಗಳನ್ನೆಲ್ಲ ಇದರ ಜೊತೆ ಇಟ್ಟಿದ್ದೇನೆ. ಯಾರದು, ಎಲ್ಲಿ ಒತ್ತುತ್ತದೆ, ಎಲ್ಲಿ ಗಂಟು ಅಂತ ಪಕ್ಕದಲ್ಲಿ ಬರೆದಿದ್ದೇನೆ. ನನ್ನದು ಎಲ್ಲಕ್ಕಿಂತ ಕೆಳಗಿದೆ. ಅದರಿಂದ ನೀನು ಅಚ್ಚು ಮಾಡಿಕೊಳ್ಳುತ್ತೀಯ ಅಂತ ಇವರ ಆಸೆ. ಆಗದು ಅಂತ ನನಗೆ ಗೊತ್ತು. ಕಾಲು ಅಂದರೆ ಗೆರೆ ಅಲ್ಲ ಅಂತ ಅಪ್ಪ ಅನ್ನುತ್ತಿದ್ದದ್ದು ನನಗೂ ಕೇಳಿಸಿದೆ.

ಇನ್ನೊಂದು ಮಾತು. ಗೆರೆ ಹಾಕಿಸಿಕೊಂಡವರಲ್ಲಿ ಅರ್ಧ ಜನ ಆಗಲೇ ಗಂಟುಮೂಟೆ ಕಟ್ಟಿ ಹೋದರು. ಅವರ ಹಾಳೆಗಳನ್ನು ತೆಗೆದುಬಿಡೋಣ ಅಂದುಕೊಂಡೆ. ಕೈ ಬರಲಿಲ್ಲ. ಬಂದು ಎಣಿಸಿ, ಇವರೆಲ್ಲ ಎಲ್ಲಿ ಅಂತ ಕೇಳಬೇಡ.

ಬಾ, ಎಲ್ಲಾ ಸರಿಹೋಗುತ್ತೆ ಅಂತ ಬರೀರಿ ಅನ್ನುತ್ತಿದ್ದಾನೆ ಬಡಗಿ. ಬರೆಯುವುದಿಲ್ಲ. ಸರಿಹೋಗುವುದಿಲ್ಲ. ಗೋಡೆಗೆ ಕೈ ಇಟ್ಟರೆ ಇನ್ನೂ ಒದ್ದೆ. ಬೇಕರಿಯ ಒಲೆ ನಡುವೆ ಸೀಳಿದೆ. ಅದನ್ನು ಕಟ್ಟಿಸುವ ಮನಸ್ಸು ಅವನಿಗಿಲ್ಲ. ಬೆಳಿಗ್ಗೆ ಎದ್ದು ಅದರ ಮುಂದೆ ಸುಮ್ಮನೆ ಕೂರುತ್ತಾನೆ. ವೈರಿಂಗ್‌ನವನು ಹಗಲೆಲ್ಲಾ ತಂತಿ ಎಳೆಯುತ್ತಾನೆ, ಎಳೆದ ಮನೆಯಲ್ಲಿ ದೀಪ ಹಾಕಲು ಜನ ಇಲ್ಲ. ಬರುವ ಮಳೆಗೆ ಇನ್ನೊಮ್ಮೆ ಇದೇ ಗತಿ. ಹೊಳೆಗೆ ಈಗ ದಾರಿ ಗೊತ್ತಾಗಿದೆ. ಬಂದರೆ ಖಾಲಿ ಅಂಗಡಿ, ಖಾಲಿ ಅಟ್ಟ, ಬರಿಗಾಲಿನ ನಾಲ್ಕು ಜನ ಮುದುಕರು. ಇಷ್ಟಕ್ಕೆ ಬರುವುದಾದರೆ ಬಾ.

ನಾನು ಚೆನ್ನಾಗಿದ್ದೇನೆ. ಕುರ್ಚಿ ಬಿಟ್ಟು ಏಳುತ್ತಿಲ್ಲ. ಇವರೇ ಏಳಬೇಡಿ ಅನ್ನುತ್ತಾರೆ, ತಟ್ಟೆಯನ್ನು ಕೈಗೇ ತಂದು ಕೊಡುತ್ತಾರೆ. ಜನ್ಮದಲ್ಲಿ ಇಷ್ಟು ಮರ್ಯಾದೆ ಕಂಡವಳಲ್ಲ, ಕೂತು ಅನುಭವಿಸುತ್ತಿದ್ದೇನೆ. ಇಸ್ತ್ರಿ ಅಂಗಡಿ ಮುಚ್ಚಿದೆ.

ಕ್ಷಮಿಸು ಅಂತ ಬರೆಯುವುದಿಲ್ಲ. ಅಂಥದೇ ದಿನ ಇನ್ನೊಮ್ಮೆ ಬಂದರೆ ಇನ್ನೊಮ್ಮೆ ಹಾಕುತ್ತೇನೆ. ಆದರೆ ಅಪ್ಪನದನ್ನು ಹಾಕುವಾಗ ಕೈಯಲ್ಲಿ ಸ್ವಲ್ಪ ಹೊತ್ತು ಹಿಡಿದಿದ್ದೆ. ಅದನ್ನು ಇವರ್ಯಾರೂ ನೋಡಲಿಲ್ಲ. ನಿನಗೆ ಗೊತ್ತಿರಲಿ ಅಂತ ಬರೆದೆ.

ಇಂತಿ,
ನಿನ್ನ ತೊಟ್ಟಿಲು ತೂಗಿದ
ಅಕ್ಕ

ಮತ್ತೆ: ಇದನ್ನು ಮರೆತು ಇಲ್ಲಿ ಬರೆಯುತ್ತಿದ್ದೇನೆ ಅಂದುಕೊಳ್ಳಬೇಡ. ಇವರು ಮೂವರೂ ಊಟಕ್ಕೆ ಎದ್ದು ಹೋಗಲಿ ಅಂತ ಕಾದೆ. ನನ್ನ ಹಾಳೆಯಲ್ಲಿ ಬಲಗಾಲು ಮಾತ್ರ ಇದೆ. ಬಡಗಿ ಬಿಟ್ಟದ್ದಲ್ಲ, ನಾನೇ ಬೇಡ ಅಂದದ್ದು. ನಿನ್ನ ಅಂಗಡಿಯ ಕೆಸರು ಬಳಿಯುವಾಗ ಎಡಗಾಲಿಗೆ ಮೊಳೆ ಹೊಕ್ಕಿತು. ಸಕ್ಕರೆ ಕಾಯಿಲೆಯ ಮೈ, ಔಷಧಿಗೆ ಬಗ್ಗಲಿಲ್ಲ, ಕಪ್ಪಾಯಿತು. ಎಂಟನೇ ತಾರೀಖು ಆಸ್ಪತ್ರೆಯಲ್ಲಿ ಮೊಣಕಾಲಿನ ಕೆಳಗೆ ತೆಗೆಯುತ್ತಾರೆ. ಒಡಹುಟ್ಟಿದವರೋ ಮಕ್ಕಳೋ ಬಂದು ಸಹಿ ಹಾಕಬೇಕಂತೆ. ಬೇಕರಿಯವನು ನಾನು ಹಾಕ್ತೀನಿ ಅಂತ ಹೋಗಿ ಕೇಳಿದ, ನೆರೆಯವರದು ನಡೆಯುವುದಿಲ್ಲ ಅಂದರು. ನನಗಿರುವುದು ನೀನೊಬ್ಬ. ನಿನ್ನ ಮಗಳಿಗೆ ಫೋನಿನಲ್ಲೇ ಹೇಳಬಹುದಿತ್ತು. ಕಾಲಿನ ಸುದ್ದಿ ಇಲ್ಲದೆ ಬರುತ್ತೀಯಾ ನೋಡೋಣ ಅಂತ ಇಷ್ಟುದ್ದ ಬರೆದೆ. ಬರೆದು ಮುಗಿಸಿ ಓದಿ ನೋಡಿದೆ. ನಾನೇ ಆಗಿದ್ದರೂ ಬರುತ್ತಿರಲಿಲ್ಲ. ಪತ್ರವನ್ನು ಬಸ್ಸಿನ ಕಂಡಕ್ಟರ್ ಕೈಯಲ್ಲಿ ಕಳಿಸುತ್ತಿದ್ದೇನೆ, ನಾಳೆ ಮುಟ್ಟುತ್ತದೆ. ಬರುತ್ತೀಯೋ ಇಲ್ಲವೋ, ಆರನೇ ತಾರೀಖಿನೊಳಗೆ ಅವನ ಕೈಯಲ್ಲೇ ಉತ್ತರ ಕಳಿಸು.