ರಿಪೇರಿಗೆಂದು ಬಿಡಿಸಿದ ಮನೆ

ಸ್ವರ್ಣಕ್ಕಾ,

ಕಳೆದ ವರ್ಷ ಮಾರ್ಚ್ ಹನ್ನೊಂದರಂದು, ರಿಪೇರಿ ಮಾಡಬೇಕೆಂದು ನೋಟಿಸ್ ಕೊಟ್ಟು ನಿಮ್ಮನ್ನು ಮೆಲ್ಬರ್ನ್‌ನ ಕ್ಲೇಟನ್ ಬಡಾವಣೆಯ ಬಾಡಿಗೆ ಮನೆಯಿಂದ ಬಿಡಿಸಿದರು. ನೀವು ಹದಿನಾಲ್ಕು ವರ್ಷ ಇದ್ದ ಮನೆ. ನೋಟಿಸ್ ಓದಿ, ಕಾನೂನು ಹಾಗೇ ಇದೆ ಎಂದವಳು ನಾನೇ. ನಿಮ್ಮ ಕೈಗೆಟುಕುವ ಮನೆ ಮೆಲ್ಬರ್ನ್‌ನಲ್ಲಿ ಸಿಗಲಿಲ್ಲ. ಸಿಡ್ನಿಗೆ, ಮಗಳ ಮನೆಗೆ ಹೋದಿರಿ; ಅಲ್ಲೇ ತೀರಿಕೊಂಡಿರಿ. ಆಗ ನಮ್ಮ ಮನೆಯಲ್ಲಿ ಒಂದು ಕೋಣೆ ಖಾಲಿ ಇತ್ತು.

ಇವತ್ತು ಅದೇ ಮನೆಯನ್ನು ಬಾಡಿಗೆಗೆ ತೋರಿಸುತ್ತಿದ್ದರು. ಇಲ್ಲಿನ ಯೂನಿವರ್ಸಿಟಿಗೆ ಸೇರಿರುವ ತಂಗಿಯ ಮಗಳು ನಿರೀಕ್ಷಾಳ ಜೊತೆ ಹೋಗಿದ್ದೆ. ವಿದ್ಯಾರ್ಥಿಗಳ ಸಾಲು ಬೀದಿಯ ತನಕ ಇತ್ತು. ಬಾಗಿಲಲ್ಲಿ ಎಂದಿನಂತೆ ಚಪ್ಪಲಿ ಬಿಟ್ಟೆ. ನನ್ನನ್ನು ನೋಡಿ ಹಿಂದೆ ಸಾಲಿನಲ್ಲಿದ್ದ ನಮ್ಮ ದೇಶದ ಹುಡುಗರೂ ಶೂ ಬಿಚ್ಚತೊಡಗಿದರು.

“ದೊಡ್ಡಮ್ಮ, ಇದು ಇನ್‌ಸ್ಪೆಕ್ಷನ್. ಸತ್ಯನಾರಾಯಣ ಪೂಜೆ ಅಲ್ಲ,” ಎಂದಳು ನಿರೀಕ್ಷಾ.

“ಬನ್ನಿ ಮಾರಾಯ್ರೆ, ಚಾ ಕುಡಿದು ಮಾತಾಡುವ” ಎಂದು ನಿಮ್ಮ ಹಾಗೆ ಒಳಗಿನಿಂದ ಯಾರೂ ಕರೆಯಲಿಲ್ಲ.

ಅಡುಗೆಮನೆಯಲ್ಲಿ ಬರಿಗಾಲಿಗೆ ಅದೇ ಒಡೆದ ಟೈಲ್ಸ್ ಚುಚ್ಚಿತು. ಮುರಿದ ಚಿಲಕಕ್ಕೆ ನೀವು ಕಟ್ಟಿದ್ದ ಹಳೆ ಸೀರೆಯ ಅಂಚು ಕಿಟಕಿಯಲ್ಲಿ ಹಾಗೇ ಇತ್ತು. ಅದನ್ನು ಮುಟ್ಟಿ ನೋಡಿದೆ. ಬಾಡಿಗೆ ಮಾತ್ರ ಹೆಚ್ಚುಕಡಿಮೆ ಇಮ್ಮಡಿಯಾಗಿದೆ.

ಏನು ರಿಪೇರಿಯಾಯಿತೆಂದು ಏಜೆಂಟನನ್ನು ಕೇಳಿದೆ. “ಇಮೇಲ್ ಮಾಡಿ,” ಎಂದ.

“ಇಮೇಲ್ ಬೇಡ. ಓನರ್‌ಗೆ ಫೋನ್ ಮಾಡಿ, ಸ್ಪೀಕರ್‌ಗೆ ಹಾಕಿ. ಸ್ವರ್ಣಲತಾ ಅವರನ್ನು ಯಾವ ರಿಪೇರಿಗೆಂದು ಬಿಡಿಸಿದರು ಅಂತ, ಈ ಸಾಲಿನಲ್ಲಿರೋ ಕೊನೆಯವರಿಗೂ ಕೇಳೋ ಹಾಗೆ ಹೇಳಲಿ.”