ದನಿಗೆ ದಾರಿ ಬಿಡುವ ಪರದೆ

ರೊವೀಗೊ,
ಅಕ್ಟೋಬರ್ 14

ನನ್ನ ಮುದ್ದು ಫಿಯೊರೆಂಜಾ,

ಬಿಳಿ ಗೋಡೆ ಇರುವಾಗ ಪರದೆಯ ಗೀಳೇಕೆ ಎಂದು ಫೋನಿನಲ್ಲಿ ನಿನ್ನ ಅಪ್ಪನನ್ನು ರೇಗಿಸಿದೆಯಲ್ಲ, ಅವರು ನಕ್ಕು ಫೋನನ್ನು ನನ್ನ ಕೈಗೆ ಕೊಟ್ಟುಬಿಟ್ಟರು. ಆಗ ನಾನೂ ನಿನ್ನ ಪಕ್ಷವೇ. ಈಗ ಅಲ್ಲ. ಯಾಕೆಂದು ಕೂತು ಬರೆಯುತ್ತಿದ್ದೇನೆ.

ನೆಲಮಾಳಿಗೆಯಲ್ಲಿ ವೈನ್ ಪೀಪಾಯಿಗಳಿದ್ದ ಜಾಗವೇ ಈಗ ನಮ್ಮ ಪುಟ್ಟ ಚಿತ್ರಮಂದಿರ. ಪ್ರತಿ ಭಾನುವಾರ ಊಟ ಮುಗಿಸಿ ಇಬ್ಬರೂ ಗೋಡೆಯ ಮೇಲೆ ಸಿನಿಮಾ ನೋಡುತ್ತಿದ್ದೆವು. ಸ್ಪೀಕರ್ ಕೆಳಗೆ ನೆಲದ ಮೇಲಿತ್ತು. "ಈ ಹೆಂಗಸು ಮೊಣಕಾಲಿಂದ ಮಾತಾಡ್ತಾಳೆ ನಿವೇಸ್, ಯಾವ ಮಾತು ಯಾರದು ಅಂತಾನೇ ತಿಳಿಯಲ್ಲ" ಎಂದು ಅಪ್ಪನ ಗೊಣಗಾಟ. ಮೂವತ್ತೊಂದು ವರ್ಷ ಊರಿನ ಚಿತ್ರಮಂದಿರದಲ್ಲಿ ಯಂತ್ರ ಓಡಿಸಿದವರು. ಅಲ್ಲಿ ಸ್ಪೀಕರ್ ಪರದೆಯ ಹಿಂದಿರುತ್ತಿತ್ತು, ದನಿ ಪರದೆಯನ್ನು ಹಾದು ಬರುತ್ತಿತ್ತು. ಮನೆಗೂ ಅಂಥದ್ದೇ ಬೇಕೆಂದು ಹಟ ಹಿಡಿದರು.

ಕಳೆದ ಗುರುವಾರ ಪಡೋವಾಗೆ ಹೋದೆವು. ಪರದೆ ಮಾರುವ ಅಂಗಡಿಯ ಎರ್ಸಿಲಿಯಾ ನನ್ನದೇ ವಯಸ್ಸಿನವಳು. ಹಿಂದೆ ಸ್ಪೀಕರ್ ಇಟ್ಟು ಎರಡು ಪರದೆ ಕಟ್ಟಿ ತೋರಿಸಿದಳು. ಒಂದು ಸೂಜಿಮೊನೆಯಷ್ಟು ತೂತುಗಳಿದ್ದ ಪ್ಲಾಸ್ಟಿಕ್ ಹಾಳೆ, ಇನ್ನೊಂದು ನೇಯ್ದ ಬಟ್ಟೆ.

"ಹಾಳೆ ಮೇಲೆ ಚಿತ್ರ ಹೆಚ್ಚು ಬೆಳಗುತ್ತೆ, ಆದ್ರೆ ಹತ್ತಿರ ಕೂತ್ರೆ ತೂತು ಕಾಣುತ್ತೆ. ಎಷ್ಟು ದೂರ ಕೂರ್ತೀರಿ?" ಎಂದಳು.

ಎರಡೇ ಮೀಟರ್ ಎಂದೆ. ಅಷ್ಟು ದೂರದಿಂದ ನನಗೆ ನಟನ ಗಲ್ಲದ ತುಂಬ ತೂತು, ಸಿಡುಬು ಬಂದವನ ಹಾಗೆ. ಅಪ್ಪ ಮಾತ್ರ "ಎಲ್ಲಿ ತೂತು? ನುಣ್ಣಗಿದೆಯಲ್ಲ" ಅಂದರು. ತಮಾಷೆ ಅಂದುಕೊಂಡೆ. ತಿರುಗಿ ನೋಡಿದರೆ ಅವರು ಕಣ್ಣು ಮುಚ್ಚಿ, ತಲೆ ವಾಲಿಸಿ ಬರೀ ಕೇಳುತ್ತಿದ್ದರು.

"ಹಾಳೆ ಹಿಂದೆ 'ಸ' ಅಕ್ಷರ ಮಂಕಾಗುತ್ತೆ. ಬಟ್ಟೆಯಲ್ಲಿ ತುಟಿಯಿಂದಲೇ ಬರುತ್ತೆ" ಅಂದರು ಅಪ್ಪ.

"ಮೊದಲೇ ಹೇಳ್ತೀನಿ, ಬಟ್ಟೆಯಲ್ಲಿ ಬೆಳಕು ಸ್ವಲ್ಪ ಕಮ್ಮಿ" ಎಂದಳು ಎರ್ಸಿಲಿಯಾ.

"ಬೆಳಕಿನ ಚಿಂತೆ ನಿವೇಸ್‌ಗಿರಲಿ. ನಾನು ಬಚ್ಚಿಟ್ಟ ಚೀಸನ್ನ ಅವಳು ಕತ್ತಲಲ್ಲೇ ಹುಡುಕ್ತಾಳೆ."

ಬಟ್ಟೆಯದೇ ಆಯಿತು.

ವಾಪಸು ಬರುವಾಗ ರೈಲಿನಲ್ಲಿ, ತೂತು ಯಾಕೆ ಕಾಣಲಿಲ್ಲ ಎಂದು ಕೇಳಿದೆ. ಕಿಟಕಿಯ ಕಡೆ ತಿರುಗಿಯೇ ಹೇಳಿದರು. ಎರಡು ವರ್ಷದಿಂದ ಅವರ ನೋಟದ ನಟ್ಟನಡುವೆ ಮಸುಕು ಬೆಳೆಯುತ್ತಿದೆಯಂತೆ. ಅಂಚಿನಲ್ಲಿ ಎಲ್ಲ ಕಾಣುತ್ತದೆ, ನೇರ ನೋಡಿದರೆ ಎದುರಿನ ಮುಖವೇ ಅಳಿಸಿಹೋಗುತ್ತದೆ. ಇಸ್ಪೀಟಿಗೆಂದು ಹೇಳಿ ಆಸ್ಪತ್ರೆಗೆ ಹೋಗಿ ಕಣ್ಣಿಗೆ ಚುಚ್ಚುಮದ್ದು ತೆಗೆದುಕೊಂಡು ಬರುತ್ತಿದ್ದರು. ಉಳಿದಿರುವ ನೋಟ ಉಳಿಯಬಹುದೆಂದು ವೈದ್ಯರು ಹೇಳಿದ್ದಾರಂತೆ. "ಫಿಯೊರೆಂಜಾಗೆ ಹೇಳ್ಬೇಡ, ಕೆಲಸ ಬಿಟ್ಟು ಓಡಿಬರ್ತಾಳೆ" ಎಂದು ನನ್ನಿಂದ ಮಾತು ತೆಗೆದುಕೊಂಡರು. ಕೊಟ್ಟೆ. ಇದೋ, ಮುರಿದೆ.

ಮೊನ್ನೆ ಭಾನುವಾರ ಪರದೆ ಕಟ್ಟಿ, ಸ್ಪೀಕರನ್ನು ಅದರ ಹಿಂದೆ ಮುಖದೆತ್ತರಕ್ಕೆ ಇಟ್ಟೆವು. ನಾಯಕಿ ಮಾತು ಶುರುಮಾಡುತ್ತಿದ್ದಂತೆ ಅಪ್ಪ ನೇರ ಅವಳ ಬಾಯಿಗೇ ಬೆರಳು ತೋರಿಸಿ "ಅಲ್ಲಿದಾಳೆ" ಅಂದರು. ಸಿನಿಮಾ ಪೂರ್ತಿ ಒಬ್ಬರನ್ನೂ ತಪ್ಪದೆ ಹೀಗೇ ಹಿಡಿದರು. ಯಾರು ಅತ್ತರು, ಯಾರು ನಕ್ಕರು ಎಂದು ನಾನು ವಿವರಿಸಹೋಗಿ, "ಸಾಕು, ಕೇಳೋಕೆ ಬಿಡು" ಎಂದು ಬೈಸಿಕೊಂಡೆ. ಬೈದವರ ಮುಖ ಎಷ್ಟು ಅರಳಿತ್ತು ಎಂದರೆ ನನಗೆ ಕತೆಯೇ ತಪ್ಪಿಹೋಯಿತು.

ಗಟ್ಟಿ ಅಪ್ಪುಗೆಯೊಂದಿಗೆ,
ನಿನ್ನ ಅಮ್ಮ ನಿವೇಸ್

ಮರೆತ ಮಾತು: ಪತ್ರವನ್ನು ಅಪ್ಪನಿಗೆ ಓದಿ ಹೇಳಿದೆ, ರೈಲಿನ ವಿಷಯವಿದ್ದ ಹಾಳೆಯನ್ನು ಬಿಟ್ಟು. "ಹಾಳೆ ಮಗುಚಿದ ಸದ್ದು ಒಂದರ ಹಿಂದೆ ಒಂದು ಎರಡು ಸಲ ಬಂತು. ಬಿಟ್ಟಿದ್ದನ್ನೂ ಓದು" ಅಂದರು. ಓದಿದೆ. "ಕಳಿಸು. ಭಾನುವಾರ ಊಟಕ್ಕೆ ಬರ್ಲಿ. ಬಾಗಿಲಿಂದಲೇ ಮಾತಾಡ್ಕೊಂಡು ಬರ್ಬೇಕು ಅಷ್ಟೆ, ಅವಳಿಗೆ ಅದೇನೂ ಕಷ್ಟ ಅಲ್ಲ" ಅಂದರು.